ಕ್ಯಾಲ್ಕುಲೇಟರ್ ‘ಎರರ್’ ಅಂದ್ರೆ ಲೆಕ್ಕ ತಪ್ಪು ಅಂತಲ್ಲ

ಸಂಪಾದಕರಿಗೆ ನಮಸ್ಕಾರ,

ನಿಮ್ಮ ಶಿಕ್ಷಣ ಪುಟದಲ್ಲಿ ಬರೋ ಫಿಸಿಕ್ಸ್ ಲೆಕ್ಕಗಳನ್ನ ನಾನೂ ಮಗಳೂ ಒಟ್ಟಿಗೆ ಕೂತು ಬಿಡಿಸ್ತೀವಿ, ಅದಕ್ಕೇ ಈ ಪತ್ರ.

ಮೊನ್ನೆ ಅವಳು ಬೆಳಕಿನ ವಕ್ರೀಭವನದ (ನೀರಿಂದ ಗಾಳಿಗೆ ಹೋಗುವಾಗ ಕಿರಣ ಬಾಗೋದು) ಲೆಕ್ಕ ಮಾಡ್ತಿದ್ಲು. ನೀರಿನೊಳಗಿಂದ ಬರೋ ಕಿರಣ ಮೇಲ್ಮೈ ಜೊತೆ 30 ಡಿಗ್ರಿ ಕೋನ ಮಾಡತ್ತೆ, ನೀರಿನ ವಕ್ರೀಭವನ ಸೂಚ್ಯಂಕ (ಬೆಳಕು ಎಷ್ಟು ಬಾಗತ್ತೆ ಅಂತ ಹೇಳೋ ಸಂಖ್ಯೆ) 1.33, ಗಾಳಿಗೆ ಬಂದ್ಮೇಲೆ ಕೋನ ಎಷ್ಟು ಅಂತ. ಅವಳು ಸೀದಾ 30 ಹಾಕಿ 41.7 ಡಿಗ್ರಿ ತಂದ್ಲು. ಕೋನ ಅಳೀಬೇಕಾಗಿರೋದು ಮೇಲ್ಮೈಯಿಂದ ಅಲ್ಲ, ಲಂಬದಿಂದ, ಮೇಲ್ಮೈಗೆ ನೆಟ್ಟಗೆ ನಿಲ್ಲೋ ಗೆರೆಯಿಂದ ಕಣೇ, ಅಂದ್ರೆ 60 ಅಂತ ಹೇಳ್ದೆ. 60ರ ಸೈನ್‌ನ 1.33ರಿಂದ ಗುಣಿಸಿದ್ರೆ ಗಾಳಿಯಲ್ಲಿನ ಕೋನದ ಸೈನ್ ಬೆಲೆ 1.15 ಬಂತು, ಕ್ಯಾಲ್ಕುಲೇಟರ್ ಎರರ್ ತೋರಿಸ್ತು. ಪಾಪ ತಾನೇ ಏನೋ ತಪ್ಪು ಮಾಡಿದೀನಿ ಅನ್ಕೊಂಡು ಎಲ್ಲಾ ಅಳಿಸಿ, ಗುಣಿಸೋ ಬದಲು 1.33ರಿಂದ ಭಾಗಿಸಿದ್ಲು, 40.6 ಬಂತು, ಮೊದಲನೇ ಉತ್ತರಕ್ಕೂ ಹತ್ರ ಇದೆಯಲ್ಲ ಅಂತ ಖುಷಿಯಾಗಿ ಕೆಳಗೆ ಗೆರೆ ಎಳೆದುಬಿಟ್ಲು.

ಆ ಎರರ್ರೇ ಉತ್ತರ! ಸೈನ್ ಬೆಲೆ 1 ದಾಟೋಕೆ ಸಾಧ್ಯವೇ ಇಲ್ಲ, ಹಾಗಾಗಿ ಆ ಕಿರಣ ನೀರಿಂದ ಆಚೆ ಬರೋದೇ ಇಲ್ಲ, ಪೂರ್ತಿ ಒಳಗೇ ವಾಪಸ್ ಹೋಗತ್ತೆ, ಪೂರ್ಣ ಆಂತರಿಕ ಪ್ರತಿಫಲನ ಅಂದ್ರೆ ಇದೇ. ನೀರಿಗೆ ಕ್ರಾಂತಿಕ ಕೋನ, ಅಂದ್ರೆ ಕಿರಣ ಆಚೆ ಬರೋಕೆ ಇರೋ ಮಿತಿ, ಸುಮಾರು 49 ಡಿಗ್ರಿ, 60 ಅದನ್ನ ದಾಟಿದೆ. ಅವಳ 40.6 ತಪ್ಪು ಅನ್ನೋಕಂತೂ ಕ್ಯಾಲ್ಕುಲೇಟರೇ ಬೇಡ, ನೀರಿಂದ ಗಾಳಿಗೆ ಬಂದ ಕಿರಣ ಲಂಬದಿಂದ ದೂರ ಬಾಗಬೇಕು, ಕೋನ 60ಕ್ಕಿಂತ ಕಮ್ಮಿ ಆಗೋದು ಹೇಗೆ? ಚಿತ್ರ ಬರೆದಿದ್ರೆ ಅಲ್ಲೇ ಗೊತ್ತಾಗ್ತಿತ್ತು.

ನಿಮ್ಮ ಪುಟದಲ್ಲಿ ಸೂತ್ರ, ಬೆಲೆ, ಉತ್ತರ ಮೂರೇ ಇರತ್ತೆ, ಚಿತ್ರ ಇರಲ್ಲ. ಜಾಗ ಕಮ್ಮಿ ಅಂತ ಗೊತ್ತು, ಹತ್ತು ಲೆಕ್ಕದ ಬದಲು ಮೂರೇ ಹಾಕಿ ಪರವಾಗಿಲ್ಲ, ಆದ್ರೆ ಲಂಬ ಎಳೆದು ಕಿರಣ ಯಾವ ಕಡೆ ಬಾಗತ್ತೆ ಅಂತ ತೋರಿಸಿ. ಶುರುವಿಗೆ ಇದನ್ನ ಹಾಕಬಹುದು: 2 ಮೀಟರ್ ಆಳದಲ್ಲಿ ಒಂದು ಪುಟ್ಟ ದೀಪ ಉರೀತಿದೆ, ನೀರಿನ ಮೇಲೆ ಎಷ್ಟು ಅಗಲದ ವೃತ್ತದಿಂದ ಬೆಳಕು ಹೊರಗೆ ಬರತ್ತೆ? ತ್ರಿಜ್ಯ ಸುಮಾರು 2.28 ಮೀಟರ್ ಬರತ್ತೆ, ಮಗಳು ಇದನ್ನ ಚಿತ್ರ ಬರೆದೇ ಮಾಡಿದ್ಲು, ಒಂದು ಸಲವೂ ಅಳಿಸಲಿಲ್ಲ.

ಇಂತಿ,
ನಿಮ್ಮ ಓದುಗಳು