ವಾಕ್ಯ ಮುಗಿಯುವವರೆಗೂ ಕಾದವರಿಗೆ

ಜರ್ಮನಿಯ ಪಾಸೌ ವಿಶ್ವವಿದ್ಯಾಲಯದಿಂದ ಕೊನೆಯ ಫಲಿತಾಂಶ ಬಂದಿದೆ. ನನ್ನ ಡಿಗ್ರಿ ಮುಗಿಯಿತು! ಅಲ್ಲಿ ಈ ಕೋರ್ಸನ್ನು ಕುಲ್ಟೂರ್‌ವಿರ್ಟ್‌ಶಾಫ್ಟ್ ಅಂತಾರೆ. ಒಂದು ಕಡೆ ಅಕೌಂಟಿಂಗ್, ಮಾರ್ಕೆಟಿಂಗ್, ಅರ್ಥಶಾಸ್ತ್ರ. ಇನ್ನೊಂದು ಕಡೆ ಪ್ರಪಂಚದ ಒಂದು ಭಾಗವನ್ನು ಆರಿಸಿಕೊಂಡು ಅಲ್ಲಿಯ ಸಮಾಜ, ಇತಿಹಾಸ, ಭಾಷೆ ಓದಬೇಕು. ನಾನು ಸ್ಪೇನ್ ಮತ್ತು ಲ್ಯಾಟಿನ್ ಅಮೆರಿಕ ಆರಿಸಿಕೊಂಡೆ. ಪಾಠ ಜರ್ಮನ್‌ನಲ್ಲಿ, ಜೊತೆಗೆ ಸ್ಪ್ಯಾನಿಷ್.

ತುಂಬಾ ಜನ ಮೆಸೇಜ್ ಮಾಡಿದ್ದೀರಿ. ಒಂದು ಥ್ಯಾಂಕ್ಸ್ ಹಾಕಿ ಸುಮ್ಮನಾಗಲು ಮನಸ್ಸು ಬರಲಿಲ್ಲ. ಯಾರು ಏನು ಮಾಡಿದರು ಅಂತ ಬಿಡಿಸಿ ಹೇಳಬೇಕು.

ಮೊದಲು ಬೆಂಗಳೂರಿನ ಇಂದಿರಾನಗರದ ಮ್ಯಾಕ್ಸ್ ಮುಲ್ಲರ್ ಭವನದಲ್ಲಿ ನನಗೆ ಜರ್ಮನ್ ಕಲಿಸಿದ ಟೀಚರ್. ಜರ್ಮನಿಯಲ್ಲಿ ನೇರವಾಗಿ ಡಿಗ್ರಿಗೆ ಸೇರಲು ನಮ್ಮ ಪಿಯುಸಿ ಸಾಮಾನ್ಯವಾಗಿ ಸಾಲುವುದಿಲ್ಲ. ಹಾಗಾಗಿ ಶಿವಮೊಗ್ಗದಲ್ಲಿ ಬಿ.ಕಾಂ ಮೊದಲ ವರ್ಷ ಮುಗಿಸಿ ಬೆಂಗಳೂರಿಗೆ ಬಂದಿದ್ದೆ. ನಾನು ವಾಕ್ಯದ ಮಧ್ಯೆ ನಿಂತರೆ ಆ ಟೀಚರ್ ಮುಂದಿನ ಪದ ಹೇಳಿಕೊಡುತ್ತಿರಲಿಲ್ಲ. ಕಾಯುತ್ತಿದ್ದರು. ಇಡೀ ಕ್ಲಾಸು ಕಾಯುತ್ತಿತ್ತು. "ಇಂಗ್ಲಿಷ್ ಬಿಡಿ, ಕನ್ನಡದಿಂದ ಬನ್ನಿ, ಜರ್ಮನ್‌ನಲ್ಲೂ ಎಷ್ಟೋ ಕಡೆ ಕ್ರಿಯಾಪದ ಕೊನೆಗೇ ಬರುತ್ತೆ" ಅಂದರು ಒಂದು ದಿನ. ಅವತ್ತಿನಿಂದ ಹೆದರಿಕೆ ಕಡಿಮೆಯಾಯಿತು.

ಅಪ್ಪ ಅಡಿಕೆ ಮಂಡಿಯಲ್ಲಿ ಗುಮಾಸ್ತರು. 2023ರಲ್ಲಿ ವೀಸಾಕ್ಕೆ ಬ್ಲಾಕ್ಡ್ ಅಕೌಂಟ್‌ನಲ್ಲಿ 11,208 ಯೂರೋ ತೋರಿಸಬೇಕಿತ್ತು. ನಮ್ಮ ದುಡ್ಡಿನಲ್ಲಿ ಹತ್ತು ಲಕ್ಷದ ಆಸುಪಾಸು. ಅಲ್ಲಿ ಹೋದ ಮೇಲೆ ಅದರಿಂದ ತಿಂಗಳಿಗೆ 934 ಯೂರೋ ಮಾತ್ರ ಕೈಗೆ ಸಿಗುತ್ತಿತ್ತು. ಮಂಡಿಯ ಯಜಮಾನರು, ದೊಡ್ಡಪ್ಪ, ಸೋದರತ್ತೆ ಸೇರಿ ಹೊಂದಿಸಿಕೊಟ್ಟರು. ಯಾರೂ ಬಡ್ಡಿಯ ಮಾತೆತ್ತಲಿಲ್ಲ. ನಿಮ್ಮ ಋಣ ದೊಡ್ಡದು.

ಪಾಸೌ ಸಣ್ಣ ಊರು. ಡ್ಯಾನ್ಯೂಬ್, ಇನ್, ಇಲ್ಸ್ ಅಂತ ಮೂರು ನದಿ ಅಲ್ಲಿ ಸೇರುತ್ತವೆ. ನಮ್ಮಂಥವರು ಜರ್ಮನ್‌ನಲ್ಲಿ ತಡವರಿಸಿದರೆ ಅಲ್ಲಿಯವರು ಕೂಡಲೇ ಇಂಗ್ಲಿಷಿಗೆ ಬರುತ್ತಾರೆ. ಸಹಾಯ ಮಾಡಬೇಕು ಅಂತಲೇ. ಆದರೆ ಹಾಗಾದರೆ ಭಾಷೆ ಬರುವುದಿಲ್ಲ, ಅಲ್ವಾ? ನಾನು ಕೆಲಸ ಮಾಡಿದ ಬೇಕರಿಯ ಯಜಮಾನಿ ಮಾತ್ರ ಒಂದು ದಿನವೂ ಇಂಗ್ಲಿಷ್ ಆಡಲಿಲ್ಲ. ಬೆಳಗ್ಗೆ ಕ್ಯೂ ಬೆಳೆದಿದ್ದರೂ ನಾನೇ ಗಿರಾಕಿಯ ಹತ್ತಿರ ಮಾತಾಡಿ ಮುಗಿಸಲಿ ಅಂತ ಪಕ್ಕದಲ್ಲಿ ನಿಂತಿರುತ್ತಿದ್ದರು. 2024ರ ಜೂನ್‌ನಲ್ಲಿ ನದಿ ಉಕ್ಕಿ ಹಳೇ ಊರಿನ ಬೀದಿಗಳಿಗೆ ನೀರು ನುಗ್ಗಿದಾಗ ಅವರ ಮನೆಯ ಸಾಮಾನನ್ನು ಮಹಡಿಗೆ ಸಾಗಿಸಲು ಹೋಗಿದ್ದೆ. ಬವೇರಿಯಾದ ಆಡುಮಾತು ನನಗೆ ಕಿವಿಗೆ ಹತ್ತಿದ್ದು ಆ ವಾರದಲ್ಲೇ.

ನನ್ನ ರೂಮ್‌ಮೇಟ್‌ಗೆ ಏನು ಹೇಳಲಿ! ಜರ್ಮನ್‌ನಲ್ಲಿ ಎಪ್ಪತ್ನಾಲ್ಕನ್ನು "ನಾಲ್ಕು ಮತ್ತು ಎಪ್ಪತ್ತು" ಅಂತ ಓದುತ್ತಾರೆ. ಸಾವಿರಕ್ಕೆ ಚುಕ್ಕೆ, ದಶಮಾಂಶಕ್ಕೆ ಅಲ್ಪವಿರಾಮ. ಅಕೌಂಟಿಂಗ್ ಕ್ಲಾಸಿನಲ್ಲಿ ಅಂಕಿಗಳು ಓಡುತ್ತಿದ್ದರೆ ಕಿವಿ, ಕೈ ಎರಡೂ ಹಿಂದೆ ಬೀಳುತ್ತವೆ. ಅವಳು ರಾತ್ರಿ ಅಡುಗೆ ಮಾಡುತ್ತಾ ಯಾವುದೋ ಕಂಪನಿಯ ಬ್ಯಾಲೆನ್ಸ್ ಶೀಟನ್ನು ಗಟ್ಟಿಯಾಗಿ ಓದುತ್ತಿದ್ದಳು. ನಾನು ಬರೆದುಕೊಳ್ಳುತ್ತಿದ್ದೆ. ಒಂದು ಸೆಮಿಸ್ಟರ್ ಪೂರ್ತಿ ಹೀಗೇ ನಡೆಯಿತು. ಅವಳಿಗೆ ಇದರಿಂದ ಏನೂ ಲಾಭ ಇರಲಿಲ್ಲ.

ಎರಡನೇ ವರ್ಷದ ಚಳಿಗಾಲದಲ್ಲಿ ಅಪ್ಪನಿಗೆ ಬೈಪಾಸ್ ಆಯಿತು. ನಾನು ಬರಲಾಗಲಿಲ್ಲ. ಆಸ್ಪತ್ರೆಯಲ್ಲಿ ರಾತ್ರಿಯೆಲ್ಲಾ ಕೂತ ಪಕ್ಕದ ಮನೆಯವರಿಗೆ, ಅಮ್ಮನಿಗೆ ಊಟ ಕಟ್ಟಿಕೊಂಡು ಹೋದವರಿಗೆ ನನ್ನ ನಮಸ್ಕಾರ. ಅದರ ಬಗ್ಗೆ ಜಾಸ್ತಿ ಬರೆಯಲು ಈಗಲೂ ಕಷ್ಟ.

ಕೊನೆಯ ವರ್ಷ ಒಂದು ಸೆಮಿಸ್ಟರ್ ಸ್ಪೇನ್‌ನ ಗ್ರನಾಡಾದಲ್ಲಿದ್ದೆ. ಅಲ್ಲಿಂದ ಉತ್ತರಕ್ಕೆ ಬಸ್ಸು ಹಿಡಿದರೆ ಖಾಯೆನ್ ಜಿಲ್ಲೆ. ಕಣ್ಣು ಹಾಯಿಸಿದಷ್ಟು ದೂರ ಆಲಿವ್ ತೋಟ. ಪ್ರಪಂಚದಲ್ಲಿ ಅತಿ ಹೆಚ್ಚು ಆಲಿವ್ ಎಣ್ಣೆ ತೆಗೆಯುವುದು ಸ್ಪೇನ್, ಸ್ಪೇನ್‌ನಲ್ಲಿ ಖಾಯೆನ್. ಅಲ್ಲಿ ಊರೂರಿಗೆ ರೈತರ ಸಹಕಾರ ಗಾಣಗಳಿವೆ. ಮಲೆನಾಡಿನ ಅಡಿಕೆ ಬೆಳೆಗಾರರಿಗೆ ಮ್ಯಾಮ್ಕೋಸ್, ಕರಾವಳಿಯಲ್ಲಿ 1973ರಲ್ಲಿ ಹುಟ್ಟಿದ ಕ್ಯಾಂಪ್ಕೋ ಇರುವ ಹಾಗೆ. ಇವೆರಡು ಬೆಳೆಗಳಲ್ಲಿ ಸಹಕಾರ ಸಂಘ ರೈತನಿಗೆ ಬೆಲೆ ಹೇಗೆ ಕೊಡುತ್ತದೆ ಅನ್ನುವುದೇ ನನ್ನ ಪ್ರಬಂಧದ ವಿಷಯ. ಮಂಡಿಯಲ್ಲಿ ರಾಶಿ, ಬೆಟ್ಟೆ, ಗೊರಬಲು ಅಂತ ವಿಂಗಡಿಸುವುದನ್ನು ನೋಡುತ್ತಾ ಬೆಳೆದವಳಿಗೆ ಬೇರೆ ವಿಷಯ ಹೊಳೆಯುವುದಾದರೂ ಹೇಗೆ?

ಗಾಣದ ಅಂಗಳಕ್ಕೆ ಟ್ರ್ಯಾಕ್ಟರ್ ಬಂದರೆ ಮೊದಲು ಕಾಯಿಯ ತೂಕ. ಆಮೇಲೆ ಒಂದು ಚೀಲದಷ್ಟು ಸ್ಯಾಂಪಲ್ ತೆಗೆದು ಎಷ್ಟು ಎಣ್ಣೆ ಬರುತ್ತದೆ ಅಂತ ಅಳೆಯುತ್ತಾರೆ. ರೈತನ ದುಡ್ಡು ಆ ಲೆಕ್ಕದ ಮೇಲೆ. ನಮ್ಮಲ್ಲಿ ಅಡಿಕೆಯನ್ನು ಕತ್ತರಿಸಿ ಬಣ್ಣ ನೋಡುತ್ತಾರಲ್ಲ, ಆ ಗಳಿಗೆಯಲ್ಲಿ ಬೆಳೆಗಾರನ ಮುಖ ಹೇಗಿರುತ್ತದೋ ಅಲ್ಲೂ ಹಾಗೇ. ಗ್ರನಾಡಾ, ಖಾಯೆನ್ ಎರಡೂ ಇರುವ ಆಂದಲೂಸಿಯಾ ಪ್ರಾಂತ್ಯದವರು ಪದಗಳ ಕೊನೆ ನುಂಗಿ ಮಾತಾಡುತ್ತಾರೆ. ಕ್ಲಾಸಿನಲ್ಲಿ ಕಲಿತ ವ್ಯಾಪಾರದ ಸ್ಪ್ಯಾನಿಷ್ ಅಲ್ಲಿ ಸಾಕಾಗಲಿಲ್ಲ. ಆ ಗಾಣದ ಸಹಕಾರ ಸಂಘದ ಕಾರ್ಯದರ್ಶಿ ಕೊಯ್ಲಿನ ಗಡಿಬಿಡಿಯಲ್ಲೂ ನನ್ನನ್ನು ಕೂರಿಸಿಕೊಂಡು, ಪ್ರತಿ ಪ್ರಶ್ನೆಯನ್ನೂ ನಾನು ಪೂರ್ತಿ ಕೇಳುವವರೆಗೆ ಸುಮ್ಮನಿದ್ದು, ಉತ್ತರವನ್ನು ಕಾಗದದ ಮೇಲೆ ಅಂಕಿ ಬರೆದು ವಿವರಿಸಿದರು. ಪ್ರಬಂಧದ ಅತ್ಯಂತ ಒಳ್ಳೆಯ ಅಧ್ಯಾಯ ಅವರದ್ದೇ ಅಂತ ನಾನು ನಂಬಿದ್ದೇನೆ.

ಅವರಿಗೆ ಸ್ಪ್ಯಾನಿಷ್ ಸಾರಾಂಶ ಕಳಿಸಿದ್ದೇನೆ. ಕನ್ನಡದ್ದು ಬರೆಯುತ್ತಿದ್ದೇನೆ. ಮಂಡಿಯ ಯಜಮಾನರೇ, ದೀಪಾವಳಿಗೆ ಮುಂಚೆ ನಿಮ್ಮ ಕೈಗೆ ತಂದು ಕೊಡುತ್ತೇನೆ. ಮೊದಲ ಓದು ಅಪ್ಪನದು.