ಆ ಇಬ್ಬರನ್ನು ಬಿಡಬೇಡ

ಚಿ. ಪುಟ್ಟಿಗೆ, ಮಾವನ ಆಶೀರ್ವಾದಗಳು.

ಗಂಡಸರ ಹೆಂಗಸರ ನುಡಿಯಲ್ಲಿ ‘ಹ’ ಉಳಿಯುವುದು, ಬಿಟ್ಟುಹೋಗುವುದು ಬೇರೆ ಬೇರೆಯೇ ಅಂತ ನೋಡುವ ನಿನ್ನ ಅಧ್ಯಯನದ ಬಗ್ಗೆ ಬರೆದ ಕಾಗದ ಬಂದು ನಾಲ್ಕು ದಿನವಾಯಿತು. ಅದರ ಒಂದು ಸಾಲು ನನ್ನನ್ನು ಬಿಡುತ್ತಿಲ್ಲ: ‘ಸ್ಟ್ಯಾಟಿಸ್ಟಿಕ್ಸ್ ಪರೀಕ್ಷೆಯ ಪಿ ಬೆಲೆ (p-value) 0.08ಕ್ಕೆ ನಿಂತಿದೆ ಮಾವ. ಇಬ್ಬರು ಮಾಹಿತಿದಾರರನ್ನು ಕೈಬಿಟ್ಟರೆ 0.05ರ ಕೆಳಗೆ ಇಳಿಯುತ್ತೆ. ಇಲ್ಲದಿದ್ರೆ ಮೂರು ವರ್ಷದಲ್ಲಿ ಏನೂ ಸಿಗಲಿಲ್ಲ ಅಂತ ಬರೀಬೇಕು.’

ಈ ಭಯ ನನಗೆ ಗೊತ್ತು. 1984ರಲ್ಲಿ ನಾನೂ ಹಕಾರದ ಹಿಂದೆಯೇ ಅಲೆದವನಲ್ಲವೇ? ಮದ್ದೂರಿನ ಹತ್ತಿರದ ಒಂದು ಹಟ್ಟಿಯಲ್ಲಿ ಒಬ್ಬ ಅಜ್ಜಿ ನನ್ನೊಡನೆ ಮಾತಾಡುವಾಗ ‘ಹಾಲು’ ಅಂದರು. ಅದೇ ಉಸಿರಿನಲ್ಲಿ ಒಳಗಿದ್ದ ಸೊಸೆಗೆ ‘ಆಲು ಕಾಯ್ಸವ್ವ’ ಅಂದರು. ನನ್ನ ನೋಟ್‌ಬುಕ್ಕಿನಲ್ಲಿ ಇದ್ದದ್ದು ಎರಡೇ ಕಲಂ: ಹಕಾರ ಉಳಿಸುವವರು, ಬಿಡುವವರು. ಅಜ್ಜಿ ಎರಡಕ್ಕೂ ಹೊಂದಲಿಲ್ಲ. ಬಿಟ್ಟುಬಿಟ್ಟೆ. ಹೊಸ ಕ್ಯಾಸೆಟ್ಟಿಗೆ ದುಡ್ಡಿರಲಿಲ್ಲ, ಅಜ್ಜಿಯ ಮಾತಿನ ಮೇಲೆಯೇ ಮುಂದಿನ ಊರಿನ ಮಾತು ತುಂಬಿಸಿದೆ.

ಎಷ್ಟೋ ವರ್ಷದ ಮೇಲೆ ಅಮೆರಿಕದ ಭಾಷಾವಿಜ್ಞಾನಿ ಲಬೋವ್ ಅವರ ಅಧ್ಯಯನ ಓದಿದೆ. 1962ರಲ್ಲಿ ನ್ಯೂಯಾರ್ಕಿನ ಮೂರು ದೊಡ್ಡ ಅಂಗಡಿಗಳಲ್ಲಿ 264 ನೌಕರರಿಂದ ‘ಫೋರ್ತ್ ಫ್ಲೋರ್’ ಅನ್ನಿಸಿ, ಕೇಳಿಸದವರಂತೆ ನಟಿಸಿ, ಇನ್ನೊಮ್ಮೆ ಅನ್ನಿಸಿದರು. ಎರಡನೆಯ ಸಲ ಎಚ್ಚರದಿಂದ ಹೇಳುವಾಗ ರಕಾರ ಹೆಚ್ಚು ಕೇಳಿಸಿತು. ಅಂದು ರಾತ್ರಿ ನನಗೆ ನಿದ್ದೆ ಬರಲಿಲ್ಲ. ಅಜ್ಜಿ ತಾನಾಗಿ ಕೊಟ್ಟದ್ದನ್ನು ನಾನು ಅಳಿಸಿದ್ದೆ.

0.05ರ ಕೆಳಗೆ ಬಂದರೆ ಮಾತ್ರ ಫಲಿತಾಂಶ ಅನ್ನೋ ಗೆರೆಯನ್ನು ಸಂಖ್ಯಾಶಾಸ್ತ್ರಜ್ಞ ಫಿಶರ್ 1925ರಲ್ಲಿ ತಮ್ಮ ಪುಸ್ತಕದಲ್ಲಿ ಅನುಕೂಲಕ್ಕೆಂದು ಹಾಕಿದ್ದು. ನಿನ್ನ 0.08 ಹೇಳುವುದು ಇಷ್ಟೇ: ಗಂಡಸರ ಹೆಂಗಸರ ನುಡಿಯಲ್ಲಿ ನಿಜಕ್ಕೂ ವ್ಯತ್ಯಾಸವೇ ಇಲ್ಲದಿದ್ದರೂ ಇಷ್ಟು ಅಥವಾ ಇದಕ್ಕಿಂತ ಹೆಚ್ಚಿನ ಅಂತರ ನೂರಕ್ಕೆ ಎಂಟು ಸಲ ಕಾಣಿಸಬಹುದು. ವ್ಯತ್ಯಾಸ ಇಲ್ಲ ಅಂತ ಅದು ಹೇಳುವುದಿಲ್ಲ. ‘ಏನೂ ಸಿಗಲಿಲ್ಲ’ ಅನ್ನುವ ಮಾತು ನಿನ್ನದು, ಆ ಸಂಖ್ಯೆಯದಲ್ಲ.

ಲೆಕ್ಕದಲ್ಲಿ ನಾನು ನಿನಗಿಂತ ಹಿಂದೆ, ತಪ್ಪಿದ್ದರೆ ನಿಮ್ಮ ಸ್ಟ್ಯಾಟಿಸ್ಟಿಕ್ಸ್ ಮೇಷ್ಟ್ರನ್ನು ಕೇಳು. ಆದರೂ ಒಂದು ಕಾಣುತ್ತದೆ. 24 ಜನ ತಲಾ 40 ಪದ ಹೇಳಿದರೆ 960 ಸಾಕ್ಷಿ ಅಂತ ಕೈ-ವರ್ಗ (chi-square) ಅನ್ನುವ ಸ್ಟ್ಯಾಟಿಸ್ಟಿಕ್ಸ್ ಪರೀಕ್ಷೆಗೆ ಹಾಕಿದ್ದೀಯಲ್ಲ, ಒಬ್ಬರ ಬಾಯಿಂದ ಬಂದ ನಲವತ್ತು ಪದ ನಲವತ್ತು ಜನರಾಗುವುದಿಲ್ಲ. ಆಳಿಗೂ ಪದಕ್ಕೂ ಬೇರೆ ಬೇರೆ ಲೆಕ್ಕ ಇಡುವ ಮಿಶ್ರ ಮಾದರಿ ಇದೆಯಂತೆ, ‘ಆರ್’ (R) ಅನ್ನುವ ಲೆಕ್ಕದ ತಂತ್ರಾಂಶದಲ್ಲೇ ಮಾಡಬಹುದಂತೆ. ಹಾಗೆ ಮಾಡಿದಾಗ 0.08 ಇನ್ನೂ ಮೇಲೇರಲೂಬಹುದು. ಏರಲಿ. ಅದನ್ನೇ ಬರೆ. ನಿನ್ನ ಭಯಕ್ಕೆ ಇದು ಮದ್ದಲ್ಲ ಅಂತ ನನಗೂ ಗೊತ್ತು ಮಗ, ಕ್ಷಮಿಸು.

ಆ ಇಬ್ಬರು ಯಾರು? ವಯಸ್ಸೆಷ್ಟು? ಅವರು ಮಾತಾಡುವಾಗ ಪಕ್ಕದಲ್ಲಿ ಯಾರಿದ್ದರು? ಕಾಗದದಲ್ಲಿ ಒಂದೂ ಬರೆದಿಲ್ಲ. ಧ್ವನಿಮುದ್ರಣ ಅಳಿಸಿಲ್ಲ ತಾನೆ? ಭಾನುವಾರ ಬರುವಾಗ ತಾ. ಕಿವಿ ಸ್ವಲ್ಪ ಮಂದವಾಗಿದೆ, ಆದರೂ ಹಕಾರ ಇನ್ನೂ ಕೇಳಿಸುತ್ತದೆ.

ಇಂತಿ ನಿನ್ನ ಮಾವ