ಹಾಡಿನ ಜೊತೆ ಕವಿಯ ಹೆಸರೂ ಇರಲಿ

ಮಾನ್ಯ ಸಂಪಾದಕರೇ,

ಕಳೆದ ವಾರ ಬಸವನಗುಡಿಯಲ್ಲಿ ನಡೆದ ಗಾಯನ ಕಾರ್ಯಕ್ರಮವೊಂದರಲ್ಲಿ ‘ಮೂಡಲ ಮನೆಯ’ ಹಾಡನ್ನು ನಿರೂಪಕರು 1967ರ ‘ಬೆಳ್ಳಿಮೋಡ’ ಚಿತ್ರದ ಗೀತೆ ಎಂದಷ್ಟೇ ಪರಿಚಯಿಸಿದರು. ಸಂಗೀತ ನಿರ್ದೇಶಕ ವಿಜಯಭಾಸ್ಕರ್ ಅವರ ಹೆಸರು ಬಂತು, ನಿರ್ದೇಶಕ ಪುಟ್ಟಣ್ಣ ಕಣಗಾಲರ ಹೆಸರೂ ಬಂತು. ಚಿತ್ರ ತೆರೆಕಾಣುವುದಕ್ಕೆ ಮೂರು ದಶಕಗಳಿಗೂ ಮೊದಲೇ ‘ಗರಿ’ ಸಂಕಲನದಲ್ಲಿ ‘ಬೆಳಗು’ ಎಂಬ ಹೆಸರಿನಿಂದ ಅಚ್ಚಾಗಿದ್ದ ಈ ಕವಿತೆಯನ್ನು ಬರೆದ ಬೇಂದ್ರೆಯವರ ಹೆಸರು ಮಾತ್ರ ಬರಲಿಲ್ಲ. ಪಕ್ಕದಲ್ಲಿ ಕುಳಿತಿದ್ದ ಕಾಲೇಜು ಹುಡುಗಿಗೆ ಇದನ್ನು ಹೇಳಿದಾಗ ಆಕೆ ನಿಜಕ್ಕೂ ಬೆರಗಾದಳು.

‘ಶರಪಂಜರ’ದ ‘ಉತ್ತರ ಧ್ರುವದಿಂ’, ಶಿವಮೊಗ್ಗ ಸುಬ್ಬಣ್ಣನವರಿಗೆ ರಾಷ್ಟ್ರಪ್ರಶಸ್ತಿ ತಂದ ಕಂಬಾರರ ‘ಕಾಡು ಕುದುರೆ’, ಕುವೆಂಪು ಅವರ ‘ದೋಣಿ ಸಾಗಲಿ’ ಇವೆಲ್ಲವುಗಳ ಪಾಡೂ ಇದೇ. ಸಿನಿಮಾ ಕವಿತೆಯನ್ನು ಕೆಡಿಸುತ್ತದೆ ಎಂಬ ಹಳೆಯ ದೂರು ನನ್ನದಲ್ಲ. ಪುಸ್ತಕ ಮುಟ್ಟದ ಮನೆಗಳಿಗೆ ಕವಿತೆಯನ್ನು ಒಯ್ದದ್ದು ರೇಡಿಯೋ ಮತ್ತು ಕ್ಯಾಸೆಟ್ಟುಗಳೇ. ಕವಿತೆಗಳಿಗೆ ರಾಗ ಹಾಕಿ ಹಾಡಿದ ಮೈಸೂರು ಅನಂತಸ್ವಾಮಿ, ಸಿ. ಅಶ್ವತ್ಥ್ ಅವರಿಲ್ಲದಿದ್ದರೆ ನಾನೂ ಕವಿ ಕೆ.ಎಸ್. ನರಸಿಂಹಸ್ವಾಮಿ ಅವರನ್ನು ಪರೀಕ್ಷೆಗಾಗಿ ಮಾತ್ರ ಓದಿರುತ್ತಿದ್ದೆ.

ಆದರೆ ಇಂದಿನ ಮೊಬೈಲ್ ಆ್ಯಪ್‌ಗಳಲ್ಲಿ ಹಾಡು ತೆರೆದಾಗ ಎದ್ದು ಕಾಣುವುದು ಗಾಯಕರ ಹೆಸರು ಮತ್ತು ಚಿತ್ರದ ಪೋಸ್ಟರ್ ಮಾತ್ರ. ಆಡಿಯೋ ಸಂಸ್ಥೆಗಳು ಕವಿಯ ಹೆಸರಿನೊಡನೆ ಮೂಲ ಸಂಕಲನದ ಹೆಸರನ್ನೂ ಶೀರ್ಷಿಕೆಯ ಕೆಳಗೇ ನಮೂದಿಸಲಿ, ಎಫ್‌ಎಂ ನಿರೂಪಕರು ಹಾಡಿಗೆ ಮುನ್ನ ಅದನ್ನು ಒಂದು ವಾಕ್ಯದಲ್ಲಿ ಹೇಳಲಿ ಎಂದು ಕೋರುತ್ತೇನೆ.

— ಓರ್ವ ಓದುಗ, ಬೆಂಗಳೂರು